ಹಾಲೋ ನೈಟ್ ಆಡುವಾಗ ಗೈಡ್ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಿಡಬೇಕು

ಹಾಲೋ ನೈಟ್ ಕಷ್ಟದ ವಿಡಿಯೋ ಗೇಮ್ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಕಷ್ಟವೇ. ಆದರೆ ಆ ಕಷ್ಟದ ಅರ್ಧಕ್ಕೆ ಗೈಡ್, ಅಂದರೆ ಆಟ ದಾಟೋದು ಹೇಗೆ ಅಂತ ಬೇರೆಯವರು ಹೇಳಿಟ್ಟ ಕೈಪಿಡಿ, ಮುಟ್ಟಿದರೆ ಕೊಟ್ಟ ದುಡ್ಡು ದಂಡ. ಇನ್ನರ್ಧಕ್ಕೆ ಗೈಡ್ ಮುಟ್ಟದಿದ್ದರೆ ನಿದ್ದೆ ದಂಡ. ಯಾವ ಅರ್ಧ ಯಾವುದು ಅಂತ ಗೊತ್ತಾಗೋಕೆ ನನಗೆ ಸುಮಾರು ಸಮಯ ಹಿಡಿಯಿತು. ಅದಕ್ಕೇ ಆಟದ ವಿಮರ್ಶೆಯ ಜೊತೆಗೆ ಗೈಡ್‌ಗಳ ವಿಮರ್ಶೆಯನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನೋ ಪುಟ್ಟ ತಂಡ ಇದನ್ನು ಮಾಡಿದ್ದು. 2014ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಎತ್ತಿ, 2017ರ ಫೆಬ್ರವರಿಯಲ್ಲಿ ಆಟ ಹೊರಗೆ ತಂದರು. ನೀವೊಂದು ಪುಟ್ಟ ಹುಳು. ಕೈಯಲ್ಲಿ ನೇಲ್ ಅನ್ನೋ ಕತ್ತಿ. ಹಾಲೋನೆಸ್ಟ್ ಅನ್ನೋ ಹಾಳುಬಿದ್ದ ಹುಳುಗಳ ರಾಜ್ಯದೊಳಗೆ ಇಳಿಯುತ್ತೀರಿ. ಚಿತ್ರವೆಲ್ಲ ಕೈಯಲ್ಲಿ ಬಿಡಿಸಿದ್ದು. ಸಂಗೀತ ಕಿವಿಯಲ್ಲೇ ಉಳಿದುಬಿಡುತ್ತದೆ. ಎರಡನೇ ಭಾಗ ಸಿಲ್ಕ್‌ಸಾಂಗ್ ಬರುತ್ತೆ ಅಂತ 2019ರಲ್ಲಿ ಹೇಳಿದವರು ತಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಅದು ಬಂದ ದಿನ ಆನ್‌ಲೈನ್ ಅಂಗಡಿಗಳೇ ಜನರ ನೂಕುನುಗ್ಗಲಿಗೆ ಸುಸ್ತಾದವು. ಆ ಗದ್ದಲ ನೋಡಿ "ಮೊದಲನೆಯದನ್ನು ಮೊದಲು ಆಡೋಣ" ಅಂತ ಬಂದವರು ತುಂಬಾ ಜನ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ.

ನನ್ನ ಪರಿಸ್ಥಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಸಲಹೆ ಯಾರಿಗೆ ಹೊಂದುತ್ತೆ ಅಂತ ನಿಮಗೆ ತಿಳಿಯುವುದಿಲ್ಲ. ನಾನು ಶಿವಮೊಗ್ಗದಲ್ಲಿ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವವಳು. ಪ್ರತಿ ತಿಂಗಳು 11ನೇ ತಾರೀಖಿಗೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಆ ನಡುವೆ ಆಟದ ಕಡೆ ತಿರುಗಿ ನೋಡೋಕಾಗಲ್ಲ. ಉಳಿದ ದಿನ ರಾತ್ರಿ ಊಟ ಆಗಿ ಮನೆ ತಣ್ಣಗಾದ ಮೇಲೆ ಸ್ವಲ್ಪ ಹೊತ್ತು. ಕಂಪ್ಯೂಟರ್ ಹಳೇ ಲ್ಯಾಪ್‌ಟಾಪ್. ಹಾಲೋ ನೈಟ್ ಅದರಲ್ಲೂ ಚೆನ್ನಾಗಿಯೇ ಓಡುತ್ತದೆ, ಅದೊಂದು ಪುಣ್ಯ. ರಜೆಯಲ್ಲಿ ದಿನವಿಡೀ ಕೂತು ಆಡುವ ಹುಡುಗರಿಗೂ ನನಗೂ ಒಂದೇ ನಿಯಮ ಹೇಗೆ ಸರಿಹೋದೀತು?

ಅಂಥ ಹುಡುಗ ನಮ್ಮ ಮನೆಯಲ್ಲೇ ಒಬ್ಬ ಇದ್ದಾನೆ, ಅಣ್ಣನ ಮಗ. ಎರಡನೇ ಪಿಯುಸಿ. "ಗೈಡ್ ನೋಡಿ ಗೆದ್ರೆ ಅದು ಗೆದ್ದಂಗಲ್ಲ ಅತ್ತೆ" ಅಂತಾನೆ. ಭೌತಶಾಸ್ತ್ರಕ್ಕೆ ಎರಡೆರಡು ಗೈಡ್ ಇಟ್ಟುಕೊಂಡು ಓದುವ ಹುಡುಗನ ಬಾಯಲ್ಲಿ ಈ ಮಾತು! ಇರಲಿ. ಅವನ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಈ ಆಟದಲ್ಲಿ ಕೆಲವು ಕಡೆ ಅವನು ಹೇಳೋದೇ ಸರಿ.

ಮೊದಲು ದಾರಿಯ ವಿಷಯ, ಯಾಕೆಂದರೆ ಹಾಲೋ ನೈಟ್ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಬಾಸ್‌ಗೆ, ಅಂದರೆ ದಾರಿಗಡ್ಡ ನಿಲ್ಲುವ ದೊಡ್ಡ ಎದುರಾಳಿಗೆ, ಸೋತು ಹೋಗುವವರಲ್ಲ, ದಾರಿ ಸಿಗದೆ ಬೇಜಾರಾಗಿ ಹೋಗುವವರು ಅಂತ ನನ್ನ ಅನಿಸಿಕೆ.

ಬೇರೆ ಆಟಗಳಲ್ಲಿ ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಮ್ಯಾಪ್ ತಾನಾಗಿ ತುಂಬಿಕೊಳ್ಳುತ್ತಾ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಹೊಸ ಜಾಗಕ್ಕೆ ಹೋದರೆ ಮ್ಯಾಪ್ ಖಾಲಿ. ಆ ಜಾಗದಲ್ಲಿ ಎಲ್ಲೋ ಕಾರ್ನಿಫರ್ ಅನ್ನೋ ದಪ್ಪ ಹುಳು ಕೂತು ನಕ್ಷೆ ಬರೆಯುತ್ತಿರುತ್ತಾನೆ. ಅವನನ್ನು ಹುಡುಕಿ, ಗಿಯೋ ಕೊಟ್ಟು, ಅರ್ಧಂಬರ್ಧ ನಕ್ಷೆ ಕೊಳ್ಳಬೇಕು. ಗಿಯೋ ಅಂದರೆ ಅಲ್ಲಿನ ದುಡ್ಡು. ಅವನನ್ನು ಹುಡುಕುವುದು ಹೇಗೆ? ನೆಲದ ಮೇಲೆ ಕಾಗದದ ಚೂರುಗಳು ಬಿದ್ದಿರುತ್ತವೆ. ಇನ್ನೂ ಹತ್ತಿರ ಹೋದರೆ ಅವನು ಗುನುಗುವುದು ಕೇಳಿಸುತ್ತದೆ. ಸದ್ದು ಬಂದ್ ಮಾಡಿಟ್ಟು ಆಡಿದರೆ ಇದು ಗೊತ್ತೇ ಆಗಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಎಡಗಿವಿಯಲ್ಲಿ ಸಣ್ಣಗೆ "ಹ್ಮ್ ಹ್ಮ್" ಅಂತ ಬಂದರೆ ಎಡಕ್ಕೆ ಹೋಗಿ. ಮೈಯೆಲ್ಲ ಏಟು ತಿಂದು, ಒಂದೇ ಒಂದು ಮಾಸ್ಕ್ ಜೀವ ಉಳಿದಿರುವಾಗ ಆ ಗುನುಗು ಕಿವಿಗೆ ಬಿದ್ದರೆ ಆಗುವ ಸಮಾಧಾನ ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ನಕ್ಷೆ ಕೊಂಡರೆ ಮುಗಿಯಲಿಲ್ಲ. ಮೇಲೆ ಡರ್ಟ್‌ಮೌತ್ ಊರಿನಲ್ಲಿ ಕಾರ್ನಿಫರ್ ಹೆಂಡತಿ ಇಸೆಲ್ಡಾ ಅಂಗಡಿ ಇಟ್ಟಿದ್ದಾಳೆ. ಗಂಡ ಕಾಡು ಸುತ್ತುತ್ತಾನೆ, ಹೆಂಡತಿ ವ್ಯಾಪಾರ ನೋಡಿಕೊಳ್ಳುತ್ತಾಳೆ. ಅವಳ ಹತ್ತಿರ 120 ಗಿಯೋ ಕೊಟ್ಟು ಗರಿಯ ಪೆನ್ನು ಕೊಳ್ಳಬೇಕು. ಆಮೇಲೆ ನೀವು ಸುತ್ತಿದ ಹೊಸ ಜಾಗ ನಕ್ಷೆಗೆ ಸೇರುತ್ತದೆ, ಅದೂ ಬೆಂಚಿನ ಮೇಲೆ (ಸುಧಾರಿಸಿಕೊಳ್ಳುವ, ಸತ್ತರೆ ಮತ್ತೆ ಏಳುವ ಜಾಗ) ಕೂತಾಗ ಮಾತ್ರ. ನಕ್ಷೆಯಲ್ಲಿ ನೀವು ಎಲ್ಲಿದ್ದೀರಿ ಅಂತ ತೋರಿಸೋಕೆ ದಿಕ್ಸೂಚಿ ಬೇರೆ, ಅದಕ್ಕೆ 220. ಅದನ್ನು ಹಾಕಿಕೊಂಡರೆ ಚಾರ್ಮ್ ಅನ್ನೋ ತಾಯತ ಹಾಕೋಕೆ ಶುರುವಿನಲ್ಲಿರುವ ಮೂರು ಜಾಗದಲ್ಲಿ ಒಂದು ಹೋಯಿತು. ಅಂದರೆ ದಾರಿ ತಿಳಿಯಬೇಕಾ, ಬಲ ಬೇಕಾ ಅಂತ ಆಟ ಪ್ರತಿ ಸಲ ಕೇಳುತ್ತದೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ದಾರಿ ತಪ್ಪುವುದು ಈ ಆಟದಲ್ಲಿ ತೊಂದರೆಯಲ್ಲ, ಅದೇ ಆಟ. ಆನ್‌ಲೈನ್‌ನಲ್ಲಿ ಇಡೀ ಹಾಲೋನೆಸ್ಟ್‌ನ ಮ್ಯಾಪ್ ಸಿಗುತ್ತದೆ. ಶುರುವಿಗೇ ಅದನ್ನು ಮೊಬೈಲಿನಲ್ಲಿ ತೆರೆದಿಟ್ಟರೆ ಕಾರ್ನಿಫರ್, ಇಸೆಲ್ಡಾ, ಗರಿಪೆನ್ನು, ಗುನುಗು, ಬೆಂಚು ಕಂಡಾಗಿನ ನಿಟ್ಟುಸಿರು ಎಲ್ಲವೂ ಒಂದೇ ಏಟಿಗೆ ಸುಳ್ಳಾಗಿಬಿಡುತ್ತವೆ. ಫರ್ಗಾಟನ್ ಕ್ರಾಸ್‌ರೋಡ್ಸ್, ಗ್ರೀನ್‌ಪಾತ್, ಫಂಗಲ್ ವೇಸ್ಟ್ಸ್, ಈ ಮೊದಲ ಮೂರು ಜಾಗ ಮುಗಿಯುವವರೆಗೂ ಮ್ಯಾಪ್ ಗೈಡ್ ಮುಟ್ಟಲೇಬೇಡಿ. ಇಲ್ಲಿ ಅಣ್ಣನ ಮಗನ ಪಕ್ಷ ನಾನು.

ಆಮೇಲೆ? ಗೋಡೆ ಹತ್ತುವ ಶಕ್ತಿ ಸಿಕ್ಕ ಮೇಲೆ ರಾಜ್ಯ ಏಳೆಂಟು ದಿಕ್ಕಿಗೆ ಒಟ್ಟಿಗೇ ತೆರೆದುಕೊಳ್ಳುತ್ತದೆ. ನೀವು ಹಿಂದೆ ಎಲ್ಲೆಲ್ಲಿ "ಇಲ್ಲಿ ಆಗಲ್ಲ" ಅಂತ ಬಿಟ್ಟುಬಂದಿರೋ ಅಲ್ಲೆಲ್ಲ ಮತ್ತೆ ಹೋಗಬೇಕು. ದಿನಾ ಆಡುವವರಿಗೆ ಅದು ನೆನಪಿರುತ್ತದೆ. ನನಗೆ ರಿಟರ್ನ್ ಮುಗಿಸಿ ಬರುವಷ್ಟರಲ್ಲಿ ಎಲ್ಲಾ ಅಳಿಸಿಹೋಗಿರುತ್ತದೆ. ಆ ಕತ್ತಲ ಗುಹೆ ಎಲ್ಲಿತ್ತು? ಆಸಿಡ್ ಕೊಳ ಯಾವ ಕಡೆ? ಇಲ್ಲಿ ಗೈಡ್ ತೆಗೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ನಾನು ಒಮ್ಮೆ ಕಂಡು ಮರೆತದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದೇನೆ ಅಷ್ಟೇ, ಕಾಣದ್ದನ್ನು ಕದಿಯುತ್ತಿಲ್ಲ. ಹತ್ತು ದಿನ ಬಿಟ್ಟು ಆಡುವವರಿಗೆ ಗೈಡ್ ಬೇಡ ಅನ್ನುವವರು ಮನೆ ನಡೆಸಿ ನೋಡಲಿ.

ಆದರೂ ಗೈಡ್‌ಗಿಂತ ಒಳ್ಳೆಯದು ಒಂದಿದೆ. ಇಸೆಲ್ಡಾ ಅಂಗಡಿಯಲ್ಲೇ ಬಣ್ಣಬಣ್ಣದ ಗುರುತುಗಳು ಸಿಗುತ್ತವೆ, ನಕ್ಷೆಯ ಮೇಲೆ ನಾವೇ ಚುಚ್ಚುವಂಥವು. ಹೆಚ್ಚಿನವರು ಅದನ್ನು ಕೊಳ್ಳುವುದೇ ಇಲ್ಲ. ನಾನು ಕೊಂಡೆ. ಒಂದು ಬಗೆಯ ಗುರುತು "ಕತ್ತಲೆ, ದೀಪ ಬೇಕು" ಅನ್ನೋದಕ್ಕೆ. ಇನ್ನೊಂದು "ಎತ್ತರ, ಹತ್ತಲಾಗಲ್ಲ" ಅನ್ನೋದಕ್ಕೆ. ಮತ್ತೊಂದು "ಬೀಗ". ಹೊಸ ಶಕ್ತಿ ಸಿಕ್ಕ ಕೂಡಲೇ ಆ ಬಗೆಯ ಗುರುತುಗಳನ್ನೆಲ್ಲ ಸುತ್ತಿಬಂದರೆ ಆಯಿತು. ಬಾಕಿ ವಸೂಲಿ ಪಟ್ಟಿ ನೋಡಿ ಅಂಗಡಿ ಅಂಗಡಿ ಸುತ್ತುವ ಹುಡುಗನ ಕೆಲಸ ಇದು, ನನಗಂತೂ ಖುಷಿ.

ಎಲ್ಲಾ ಗುರುತುಗಳನ್ನೂ ಸುತ್ತಿ, ಡರ್ಟ್‌ಮೌತ್‌ನ ಅಂಗಡಿಗಳಲ್ಲಿ ಏನೇನು ಮಾರುತ್ತಾರೆ ಅಂತ ಮತ್ತೊಮ್ಮೆ ನೋಡಿ, ಆಗಲೂ ದಾರಿ ಇಲ್ಲ ಅಂದರೆ ಗೈಡ್ ತೆಗೆಯಿರಿ. ಅಂಗಡಿ ನೋಡಿ ಅಂತ ಸುಮ್ನೆ ಹೇಳಿಲ್ಲ. ಕತ್ತಲ ಗುಹೆಗಳಿಗೆ ಬೇಕಾದ ದೀಪ ಯಾವುದೋ ಗುಹೆಯ ಮೂಲೆಯಲ್ಲಿ ಬಚ್ಚಿಟ್ಟಿಲ್ಲ. ಸ್ಲೈ ಅನ್ನೋ ವ್ಯಾಪಾರಿಯ ಅಂಗಡಿಯಲ್ಲೇ 1,800 ಗಿಯೋಗೆ ನೇತುಹಾಕಿದ್ದಾನೆ. ಬೆಲೆ ನೋಡಿ "ಇಷ್ಟೊಂದಾ" ಅಂತ ಮುಂದೆ ಹೋದವರೇ ಆಮೇಲೆ ಗೈಡ್ ಹುಡುಕುವುದು.

ಈಗ ಬಾಸ್‌ಗಳ ವಿಷಯ. ಮ್ಯಾಂಟಿಸ್ ಲಾರ್ಡ್ಸ್ ಅಂತ ಇದ್ದಾರೆ, ಸಿಂಹಾಸನದ ಮೇಲೆ ಕೂತ ಮಿಡತೆಯಂಥ ಮೂವರು. ಮೊದಲು ಒಬ್ಬಳು ಇಳಿದು ಬರುತ್ತಾಳೆ. ಅವಳ ಹತ್ತಿರ ಇರುವುದು ಮೂರೇ ಪಟ್ಟು. ನೆಲದ ಮೇಲೆ ಅಡ್ಡಡ್ಡ ನುಗ್ಗುವುದು. ತಲೆ ಮೇಲಿಂದ ನೆಟ್ಟಗೆ ಬೀಳುವುದು. ಗೋಡೆ ಹಿಡಿದು ನೇತಾಡಿ ಬಾಗಿದ ಅಲಗನ್ನು ಎಸೆಯುವುದು, ಅದು ಸುತ್ತಿ ವಾಪಸ್ ಬರುತ್ತದೆ. ಒಬ್ಬಳನ್ನು ಸೋಲಿಸಿದಿರಾ, ಉಳಿದಿಬ್ಬರು ಒಟ್ಟಿಗೆ ಇಳಿಯುತ್ತಾರೆ. ಪಟ್ಟು ಅವೇ ಮೂರು. ಹೊಸದೇನೂ ಇಲ್ಲ, ಎರಡೆರಡು ಬರುತ್ತವೆ ಅಷ್ಟೇ.

ಇದಕ್ಕೆ ಯೂಟ್ಯೂಬಿನಲ್ಲಿ ವಿಡಿಯೋ ರಾಶಿ ಬಿದ್ದಿವೆ. ನೋಡಿದೆ. ನೋಡುವಾಗ ಎಲ್ಲಾ ಸುಲಭ. ಕಂಟ್ರೋಲರ್ ಕೈಗೆ ಬಂದರೆ ಹೆಬ್ಬೆರಳು ತನ್ನ ಪಾಡಿಗೆ ತಾನು ತಪ್ಪು ಗುಂಡಿ ಒತ್ತುತ್ತದೆ. ಯಾಕೆಂದರೆ ಇಲ್ಲಿ ಗೊತ್ತಿಲ್ಲದ ವಿಷಯ ಅಂತ ಏನೂ ಇಲ್ಲ. ಅವಳು ನುಗ್ಗುವ ಮೊದಲು ಒಂದು ಕ್ಷಣ ಮೈ ಬಗ್ಗಿಸುತ್ತಾಳೆ ಅನ್ನೋದು ಎರಡನೇ ಸಲಕ್ಕೇ ಕಣ್ಣಿಗೆ ಬೀಳುತ್ತದೆ. ಕಂಡದ್ದು ಕೈಗೆ ಇಳಿಯಬೇಕು, ಅದಕ್ಕೆ ಸಾಯಲೇಬೇಕು. ಒಂದು ಲೆಕ್ಕ ಮಾತ್ರ ಮನಸ್ಸಿನಲ್ಲಿಡಿ. ಒಂದು ಏಟು ಹೊಡೆದರೆ ಸೋಲ್ (soul) ಅನ್ನೋ ಶಕ್ತಿ 11 ಸಿಗುತ್ತದೆ, ಒಂದು ಮಾಸ್ಕ್ ಜೀವ ತುಂಬಿಕೊಳ್ಳೋಕೆ 33 ಬೇಕು. ಅಂದರೆ ಮೂರು ಏಟು ಹೊಡೆದು ಒಂದು ಏಟು ತಿಂದರೆ ಲೆಕ್ಕ ಸರಿ ಸಮ. ನನ್ನಂಥ ನಿಧಾನದ ಕೈಯವರು ಹೀಗೆ ಜಮಾ ಖರ್ಚು ನೋಡಿಕೊಂಡು ಆಡಿದರೂ ಗೆಲ್ಲಬಹುದು. ಗೆದ್ದ ಮೇಲೆ ಆ ಊರಿನಲ್ಲಿ ಒಂದು ಚೆಂದದ ಬದಲಾವಣೆ ಆಗುತ್ತದೆ. ಅದನ್ನು ಯಾವ ಗೈಡ್‌ನಲ್ಲೂ ಓದಬೇಡಿ, ಸುಮ್ಮನೆ ಬಂದ ದಾರಿಯಲ್ಲೇ ವಾಪಸ್ ನಡೆದುಕೊಂಡು ಹೋಗಿ.

ಹಾಗಾದರೆ ಬಾಸ್ ಎದುರು ಗೈಡ್‌ಗೆ ಕೆಲಸವೇ ಇಲ್ಲವಾ? ಒಂದು ಪ್ರಶ್ನೆಗೆ ಇದೆ. "ಹೇಗೆ ಹೊಡೆಯಲಿ" ಅನ್ನೋದಕ್ಕಲ್ಲ, "ನಾನು ಈಗ ಇಲ್ಲಿ ಇರಬೇಕಾ" ಅನ್ನೋದಕ್ಕೆ. ಶುರುವಿನ ನೇಲ್ ಒಂದು ಏಟಿಗೆ 5ರಷ್ಟು ಹಾನಿ ಮಾಡುತ್ತದೆ. ಸಿಟಿ ಆಫ್ ಟಿಯರ್ಸ್‌ನಲ್ಲಿ ಒಬ್ಬ ನೇಲ್‌ಸ್ಮಿತ್ ಇದ್ದಾನೆ, ಕಮ್ಮಾರ. ಬರೀ 250 ಗಿಯೋ ಕೊಟ್ಟರೆ ಅದನ್ನು ಸಾಣೆ ಹಿಡಿದು 9 ಮಾಡಿಕೊಡುತ್ತಾನೆ. ಮುಂದೆ 13, 17, 21 ಅಂತ ಏರುತ್ತದೆ, ಅವಕ್ಕೆ ದುಡ್ಡಿನ ಜೊತೆ ಪೇಲ್ ಓರ್ ಅನ್ನೋ ಅದಿರು ಬೇಕು. ಮೊದಲ ಸಾಣೆಗೆ ಅದಿರೂ ಬೇಡ. 5ರಿಂದ 9 ಅಂದರೆ ಹೆಚ್ಚೂಕಮ್ಮಿ ದುಪ್ಪಟ್ಟು. ಅಂದರೆ ಸಿಟಿಯ ಆಚೀಚೆ ಇರುವ ಬಾಸ್‌ಗಳ ಮುಂದೆ 5ರ ನೇಲ್ ಹಿಡಿದು ನಿಂತವರು ಎರಡರಷ್ಟು ಹೊತ್ತು ತಪ್ಪಿಲ್ಲದೆ ಆಡಬೇಕು. ಅದು ಶೌರ್ಯ ಅಲ್ಲ, ಸುಮ್ನೆ ಕೈ ನೋವು. ರಾತ್ರಿಯೆಲ್ಲ ಒಂದೇ ಬಾಸ್‌ಗೆ ತಲೆ ಚಚ್ಚಿಕೊಂಡಿದ್ದೀರಾ? ಗೈಡ್ ತೆಗೆದು ಒಂದೇ ಒಂದು ಸಾಲು ಓದಿ: ಈ ಬಾಸ್ ಹತ್ತಿರ ಬರುವ ಹೊತ್ತಿಗೆ ಸಾಮಾನ್ಯವಾಗಿ ನೇಲ್ ಎಷ್ಟು, ಮಾಸ್ಕ್ ಎಷ್ಟು ಇರುತ್ತದೆ. ನಿಮ್ಮ ಹತ್ತಿರ ಅಷ್ಟಿದ್ದರೆ ಗೈಡ್ ಮುಚ್ಚಿ, ಮತ್ತೆ ಸಾಯಿರಿ. ಇಲ್ಲದಿದ್ದರೆ ಬೇರೆ ಕಡೆ ಸುತ್ತಿಕೊಂಡು ಬನ್ನಿ.

ಇನ್ನೊಂದು, ಈ ಆಟದಲ್ಲಿ ಒಂದು ಬಾಸ್ ನಿಮಗೆ ದೊಡ್ಡ ಮೋಸ ಮಾಡುತ್ತದೆ. ಯಾವುದು, ಹೇಗೆ ಅಂತ ಹೇಳಲ್ಲ. ಗೈಡ್ ಓದಿಕೊಂಡು ಹೋದವರಿಗೆ ಆ ಮೋಸ ಆಗಲೇ ಇಲ್ಲ ಪಾಪ. ಹೊಟ್ಟೆ ಉರಿದುಕೊಂಡು ನಗುವ ಭಾಗ್ಯ ಅವರಿಗಿಲ್ಲ. ಹಾಗೇ ಕ್ರಾಸ್‌ರೋಡ್ಸ್‌ನ ಒಂದು ಮೂಲೆಯಲ್ಲಿ ಮೈಲಾ ಅಂತ ಒಬ್ಬಳು ಹಾಡುತ್ತಾ ಕಲ್ಲು ಕುಟ್ಟುತ್ತಿರುತ್ತಾಳೆ. ಆಗಾಗ ಹೋಗಿ ಮಾತಾಡಿಸಿ. ಅವಳ ಹೆಸರು ಹಾಕಿ ಎಲ್ಲೂ ಹುಡುಕಬೇಡಿ. ಫಾಗ್ ಕ್ಯಾನಿಯನ್‌ನಲ್ಲಿ ಮಿಲಿಬೆಲ್ ಅನ್ನೋ ಬ್ಯಾಂಕಿನವಳು ಇದ್ದಾಳೆ, ಗಿಯೋ ಠೇವಣಿ ಇಡಿ ಅಂತಾಳೆ. ಸತ್ತರೆ ಗಿಯೋ ಎಲ್ಲಾ ಸತ್ತ ಜಾಗದಲ್ಲೇ ಉಳಿದುಬಿಡುತ್ತದೆ, ಅದನ್ನು ವಾಪಸ್ ತರುವ ಮೊದಲು ಇನ್ನೊಮ್ಮೆ ಸತ್ತರೆ ಪೂರ್ತಿ ಗೋವಿಂದ. ಹಾಗಾಗಿ ಬ್ಯಾಂಕು ಒಳ್ಳೆಯದೇ ಅನಿಸುತ್ತದೆ. ಊರಾಚೆ ಮಂಜಿನ ಕಣಿವೆಯಲ್ಲಿ ಒಂಟಿಯಾಗಿ ಕೂತ ಬ್ಯಾಂಕು ಕಂಡು ವೃತ್ತಿಯಿಂದ ನನಗೊಂದು ಅನುಮಾನ ಬಂತು, ಅಷ್ಟೇ ಹೇಳುತ್ತೇನೆ. ಅಣ್ಣನ ಮಗನಿಗೆ ಬರಲಿಲ್ಲ. "ಅತ್ತೆ, ನೀವು ಮೊದಲೇ ಹೇಳಬಾರದಿತ್ತಾ" ಅಂದ. "ಗೈಡ್ ನೋಡಿ ಗೆದ್ರೆ ಗೆದ್ದಂಗಲ್ಲ ಕಣೋ" ಅಂದೆ.

ಇದಕ್ಕೆ ಉಲ್ಟಾ, ಕೆಲವು ವಿಷಯಕ್ಕೆ ಗೈಡ್ ಮೊದಲೇ ನೋಡಿದರೆ ಒಳ್ಳೆಯದು. ಈ ಆಟದಲ್ಲಿ ಸೇವ್ ತಾನಾಗಿಯೇ ಆಗುತ್ತದೆ. ಹಿಂದಿನ ಸೇವ್‌ಗೆ ಹೋಗಿ ಬೇರೆ ದಾರಿ ಹಿಡಿಯುತ್ತೇನೆ ಅನ್ನುವ ಹಾಗಿಲ್ಲ. ಗ್ರಿಮ್ ಅನ್ನೋ ಸರ್ಕಸ್ ತಂಡದವನ ಕತೆ ಕೊನೆಯಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಹಿಡಿದರೆ ಇನ್ನೊಂದು ಆ ಆಟದಲ್ಲಿ ಮತ್ತೆ ಸಿಗಲ್ಲ. ಗ್ರೀನ್‌ಪಾತ್‌ನಲ್ಲಿ ಝೋಟ್ ಅನ್ನೋ ಬಡಾಯಿಕೋರನನ್ನು ಕಾಪಾಡದೆ ಬಿಟ್ಟರೆ ಅವನ ಕತೆ ಅಲ್ಲೇ ಮುಗಿಯಿತು. ಬಹಳ ದೂರದಲ್ಲಿ ಅವನಿಗೆ ಸಂಬಂಧಿಸಿದ ಒಂದು ಬಾಸ್ ಕಾಳಗವೂ ಅದರ ಜೊತೆ ಹೋಯಿತು. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಆಡುವವರು ಇದೊಂದು ಬಾಗಿಲು ಮುಚ್ಚಿತು ಅಂತ ಮೊದಲಿಂದ ಆಡೋಕಾಗುತ್ತಾ? ಅದಕ್ಕೇ "ಕಳೆದುಕೊಂಡರೆ ಮತ್ತೆ ಸಿಗದವು" ಅಂತ ಪಟ್ಟಿ ಇರುವ ಗೈಡ್ ಪುಟವನ್ನು ಶುರುವಿನಲ್ಲೇ ಒಮ್ಮೆ ಓದಿದೆ. ಕಾರಣ ಓದಲಿಲ್ಲ, ಹೆಸರು ಮತ್ತು ಜಾಗ ಮಾತ್ರ. ಅಷ್ಟರಿಂದ ಕತೆ ಹಾಳಾಗಲಿಲ್ಲ. ನಿಜ ಹೇಳಬೇಕೆಂದರೆ ಝೋಟ್ ಬಾಯಿ ತೆರೆದಾಗಲೆಲ್ಲ ಇವನನ್ನು ಯಾಕಾದರೂ ಉಳಿಸಿದೆನೋ ಅನಿಸುತ್ತಿತ್ತು.

ಗೈಡ್ ತೆಗೆಯುವುದು ಅಂದರೆ ಯಾವ ಗೈಡ್? ಇದರಲ್ಲೇ ಅರ್ಧ ವಿಷಯ ಇದೆ.

ವಿಡಿಯೋ ನನಗೆ ಅಷ್ಟಕ್ಕಷ್ಟೇ. ಒಂದು ಬೆಂಚು ಎಲ್ಲಿದೆ ಅಂತ ಹುಡುಕಿದರೆ ಪಕ್ಕದಲ್ಲೇ ಕೊನೆಯ ಬಾಸ್‌ನ ಮುಖ ದೊಡ್ಡದಾಗಿ ಹಾಕಿದ ಥಂಬ್‌ನೇಲ್ ಹತ್ತು ಬರುತ್ತವೆ. ನೋಡಬೇಡ ಅಂದರೂ ಕಣ್ಣು ನೋಡಿಬಿಡುತ್ತದೆ. ಮೇಲಿಂದ, ನಮಗೆ ಬೇಕಾದ ಹತ್ತು ಸೆಕೆಂಡಿಗೆ ಅವರ ಪೀಠಿಕೆಯೆಲ್ಲ ಕೇಳಬೇಕು. ವಿಕಿಗಳು ವಿಷಯದಲ್ಲಿ ಗಟ್ಟಿ. ಆದರೆ ಅವು ಆಟ ಮುಗಿಸಿದವರು ಮುಗಿಸಿದವರಿಗಾಗಿ ಬರೆದದ್ದು. ಒಬ್ಬ ಪಾತ್ರದ ಪುಟ ತೆಗೆದರೆ ಮೇಲಿನ ಚೌಕದಲ್ಲೇ ಅವನು ಬದುಕಿದ್ದಾನೋ ಸತ್ತನೋ ಅಂತ ಬರೆದಿರುತ್ತದೆ. ಹಾಗಾಗಿ ಪಾತ್ರದ ಪುಟ ಬಿಟ್ಟು ಜಾಗದ ಪುಟ ತೆಗೆಯಿರಿ, ಅಪಾಯ ಸ್ವಲ್ಪ ಕಡಿಮೆ. ಚಿಹ್ನೆ ಒತ್ತಿ ಜಾಗ ತೋರಿಸುವ ಆನ್‌ಲೈನ್ ಮ್ಯಾಪ್‌ಗಳಲ್ಲಿ ಮೊದಲು ಎಲ್ಲಾ ಚಿಹ್ನೆ ಆರಿಸಿ, ಬೆಂಚು ಒಂದನ್ನೇ ಹಚ್ಚಿಕೊಳ್ಳಿ. ನನಗೆ ಬಹಳ ಸಲ ಅಷ್ಟೇ ಸಾಕಾಗಿದೆ. ಡೀಪ್‌ನೆಸ್ಟ್ ಅನ್ನೋ ಜಾಗಕ್ಕೆ ನೆಲ ಕುಸಿದು ಬಿದ್ದವರಿಗಂತೂ ಬೆಂಚು ಎಲ್ಲಿದೆ ಅಂತ ನೋಡಿಕೊಳ್ಳುವುದಕ್ಕೆ ನನ್ನ ಪೂರ್ತಿ ಅನುಮತಿ ಇದೆ. ಕತ್ತಲು, ಇಕ್ಕಟ್ಟು, ಗೋಡೆಯೊಳಗೆ ಸರಿದಾಡುವ ಕಾಲುಗಳ ಸದ್ದು. ಜೇಡ ಕಂಡರೆ ಆಗದವರು ಹಗಲು ಹೊತ್ತು ಆಡಿ.

ನನಗೆ ಅತಿ ಇಷ್ಟ ಹಳೇ ಕಾಲದ ಬರೀ ಅಕ್ಷರದ ಗೈಡ್‌ಗಳು. 1995ರಲ್ಲಿ ಶುರುವಾದ ಗೇಮ್‌ಫ್ಯಾಕ್ಸ್ ತಾಣದಲ್ಲಿ ಆಟಗಾರರೇ ಬರೆದ ಅಂಥವು ರಾಶಿ ಇವೆ. ಚಿತ್ರ ಇಲ್ಲ, ಥಂಬ್‌ನೇಲ್ ಇಲ್ಲ. ಬೇಕಾದ ಪದ ಹುಡುಕಿ, ಆ ಎರಡು ಸಾಲು ಓದಿ, ಮುಚ್ಚಿದರೆ ಆಯಿತು. ಅದಕ್ಕಿಂತ ಜಾಣತನದ್ದು 1988ರಿಂದ ಇರುವ ಯುನಿವರ್ಸಲ್ ಹಿಂಟ್ ಸಿಸ್ಟಮ್. ಪ್ರಶ್ನೆ ಆರಿಸಿಕೊಂಡರೆ ಮೊದಲು ಒಂದು ಸಣ್ಣ ಸುಳಿವು. ಸಾಲದಿದ್ದರೆ ಇನ್ನೊಂದು ಒತ್ತಿ, ಸ್ವಲ್ಪ ದೊಡ್ಡದು. ಕೊನೆಯಲ್ಲಿ ಮಾತ್ರ ಪೂರ್ತಿ ಉತ್ತರ. ಅದಕ್ಕೂ ಹಿಂದೆ, ಎಂಬತ್ತರ ದಶಕದಲ್ಲಿ, ಇನ್ಫೋಕಾಮ್ ಕಂಪನಿ ತನ್ನ ಒಗಟಿನ ಆಟಗಳಿಗೆ ಕಣ್ಣಿಗೆ ಕಾಣದ ಶಾಯಿಯಲ್ಲಿ ಅಚ್ಚು ಹಾಕಿದ ಸುಳಿವಿನ ಪುಸ್ತಕ ಮಾರುತ್ತಿತ್ತು. ಜೊತೆಗೊಂದು ಪೆನ್ನು. ಯಾವ ಸಾಲಿನ ಮೇಲೆ ಅದನ್ನು ಉಜ್ಜಿದಿರೋ ಆ ಸಾಲು ಮಾತ್ರ ಮೂಡುತ್ತಿತ್ತು. ನಲವತ್ತು ವರ್ಷದ ಹಿಂದೆ ಇವರಿಗೆ ತಿಳಿದಿದ್ದ ಮರ್ಯಾದೆ ಈಗಿನ ಗೈಡ್‌ಗಳಿಗೆ ಯಾಕೆ ಮರೆತುಹೋಯಿತೋ!

ಈಗ ಎಐ ಬಾಟ್‌ಗಳನ್ನು ಕೇಳುವವರೂ ಇದ್ದಾರೆ. ನಾನು ಕೇಳಿದ ಒಂದು ಬಾಟ್ ಸಿಟಿ ಆಫ್ ಟಿಯರ್ಸ್‌ನಲ್ಲಿ ಇಲ್ಲದ ಬಾಗಿಲೊಂದನ್ನು ಎಷ್ಟು ಧೈರ್ಯವಾಗಿ ಹೇಳಿತು ಅಂದರೆ, ಮಳೆ ಸುರಿಯುವ ಆ ಊರಿನಲ್ಲಿ ಗೋಡೆ ಗೋಡೆ ಬಡಿದು ಬಂದೆ. ಆಮೇಲೆ ಆ ಕಡೆ ಹೋಗಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಗೈಡ್ ಆಟ ಮುಗಿಸಿದ ಮನುಷ್ಯ. ಅಣ್ಣನ ಮಗನಿಗೆ ಫೋನ್ ಮಾಡಿ "ಏನೂ ಹೇಳಬೇಡ, ಮೇಲಾ ಕೆಳಗಾ ಅಷ್ಟು ಹೇಳು" ಅಂದರೆ "ಕೆಳಗೆ ಅತ್ತೆ" ಅಂತ ಇಟ್ಟುಬಿಡುತ್ತಾನೆ. ಎಷ್ಟು ಬೇಕೋ ಅಷ್ಟೇ ಕೊಡುವುದು ಮನುಷ್ಯರಿಗೆ ಮಾತ್ರ ಬರುತ್ತದೆ. ತಾನು ಮಾತ್ರ ಗೈಡ್ ಮುಟ್ಟಲ್ಲ, ನನಗೆ ಗೈಡ್ ಆಗೋದರಲ್ಲಿ ಅವನಿಗೆ ಬೇಜಾರೇನೂ ಇಲ್ಲ!

ಬೇರೆ ಆಟಗಳಿಗೆ ಇದೇ ಅಳತೆ ಹಿಡಿಯಬೇಡಿ. 2022ರ ಎಲ್ಡನ್ ರಿಂಗ್ ತಗೊಳ್ಳಿ. ಬಾಸ್‌ಗಳಿಗೆ ಹೆಸರಾದ ಆಟ. ಅದರಲ್ಲಿ ಪಾತ್ರಗಳ ಕತೆ ಹಿಂಬಾಲಿಸೋಕೆ ಯಾವ ಪಟ್ಟಿಯೂ ಇರಲ್ಲ. ಇವತ್ತು ಇಲ್ಲಿದ್ದವರು ನಾಳೆ ಇನ್ನೆಲ್ಲೋ ಇರುತ್ತಾರೆ. ಆಟ ಬಂದ ಮುಂದಿನ ತಿಂಗಳು ಕಂಪನಿಯವರೇ ನಕ್ಷೆಯ ಮೇಲೆ ಪಾತ್ರಗಳ ಗುರುತು ಮೂಡುವ ಹಾಗೆ ತಿದ್ದಿದರು, ಅಂದರೆ ಯೋಚನೆ ಮಾಡಿ. ರಾನಿ ಅನ್ನೋ ಪಾತ್ರದ ಕತೆಯಲ್ಲಿ ಒಂದು ಹಂತಕ್ಕೆ ನೆಲದಡಿಯ ನದಿ ಹತ್ತಿರ ದೀಪದ ಬಳಿ ಕೂತು ಒಂದು ಗೊಂಬೆಯನ್ನು ಮಾತಾಡಿಸಬೇಕು. ಅದು ಉತ್ತರ ಕೊಡಲ್ಲ. ಮತ್ತೆ ಮಾತಾಡಿಸಬೇಕು. ಆಗಲೂ ಇಲ್ಲ. ಸುಮ್ಮನಿರುವ ಗೊಂಬೆಯನ್ನು ಮತ್ತೆ ಮತ್ತೆ ಮಾತಾಡಿಸುವ ಬುದ್ಧಿ ಯಾರಿಗೆ ಬರುತ್ತೆ ಹೇಳಿ? ಅಲ್ಲಿ ಪಾತ್ರಗಳ ಕತೆಗೆ ಗೈಡ್ ತೆರೆದಿಟ್ಟೇ ಆಡಿದೆ. ಸುತ್ತಾಟಕ್ಕೆ ಮಾತ್ರ ಮುಟ್ಟಲಿಲ್ಲ. ಆ ಆಟದಲ್ಲಿ ಬೇರೆ ಆಟಗಾರರು ನೆಲದ ಮೇಲೆ ಬರೆದಿಟ್ಟ ಸಂದೇಶಗಳೇ ಇರುತ್ತವೆ. ಅರ್ಧ ನಿಜ, ಅರ್ಧ ಕುಚೇಷ್ಟೆ. ಪ್ರಪಾತದ ಅಂಚಿನಲ್ಲಿ "ಹಾರಿ ನೋಡು" ಅಂತ ಬರೆದಿದ್ದರೆ ಯಾರನ್ನು ನಂಬುತ್ತೀರೋ ನಿಮಗೆ ಬಿಟ್ಟದ್ದು.

ಇದರ ಪೂರ್ತಿ ಉಲ್ಟಾ 2018ರ ರಿಟರ್ನ್ ಆಫ್ ದ ಓಬ್ರಾ ಡಿನ್. ಲೂಕಸ್ ಪೋಪ್ ಅನ್ನುವವರು ಮಾಡಿದ್ದು. ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಖಾಲಿಯಾಗಿ ಬಂದರಿಗೆ ಬರುತ್ತದೆ. ನೀವು 1807ರ ವಿಮೆ ಲೆಕ್ಕ ನೋಡುವ ಇನ್ಸ್‌ಪೆಕ್ಟರ್. ಹಡಗಿನಲ್ಲಿದ್ದ 60 ಜನರಲ್ಲಿ ಯಾರ ಹೆಸರೇನು, ಯಾರಿಗೆ ಏನಾಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ನಮ್ಮ ಕಡೆಯ ಖಲಾಸಿಗಳೂ ಅವರಲ್ಲಿದ್ದಾರೆ. ಮೂವರದು ಸರಿಯಾದಾಗ ಮಾತ್ರ ಆಟ "ಸರಿ" ಅನ್ನುತ್ತದೆ, ಹಾಗಾಗಿ ಒಬ್ಬೊಬ್ಬರನ್ನೇ ಊಹೆ ಮಾಡಿ ಗೆಲ್ಲೋಕಾಗಲ್ಲ. ಲೆಕ್ಕದವರಿಗೆಂದೇ ಮಾಡಿದ ಹಾಗಿದೆ. ಇದರಲ್ಲಿ ಕೈಗೆ ಕೆಲಸವೇ ಇಲ್ಲ, ಎಲ್ಲಾ ತಲೆಗೆ. ಗೈಡ್‌ನ ಒಂದು ಸಾಲು ಓದಿದರೂ ಆ ಒಬ್ಬ ಮನುಷ್ಯನ ಮಟ್ಟಿಗೆ ಆಟ ಖತಂ. ಮರೆಯುವವರೆಗೂ ಮತ್ತೆ ಆಡೋಕಾಗಲ್ಲ. ಇಲ್ಲಿ ತೀರಾ ಸಿಕ್ಕಿಹಾಕಿಕೊಂಡರೆ ಗೈಡ್ ತೆಗೆಯಬೇಡಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಿ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯುತ್ತದೆ.

ಹಾಲೋ ನೈಟ್‌ಗೆ ವಾಪಸ್ ಬಂದರೆ, ಕೊಳ್ಳಬೇಕಾ? ಖಂಡಿತ. ಬಂದಾಗ 15 ಡಾಲರ್ ಇದ್ದ ಆಟ, ಅದರ ಮೇಲೆ ನಾಲ್ಕು ಸಲ ಹೊಸ ಭಾಗಗಳನ್ನು ಸೇರಿಸಿದರೂ ಕೊಂಡವರ ಹತ್ತಿರ ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ಕೀಬೋರ್ಡಿನಲ್ಲೂ ಆಡಬಹುದು, ನನಗೆ ಕಂಟ್ರೋಲರ್ ಹಿತ. ಒಂದೇ ದೂರು ಅಂದರೆ ಬಾಸ್‌ಗೆ ಸೋತು ಬೆಂಚಿನಲ್ಲಿ ಎದ್ದ ಮೇಲೆ ಮತ್ತೆ ಬಾಸ್ ಹತ್ತಿರ ಓಡಿಕೊಂಡು ಹೋಗಬೇಕಾದ ದೂರ. ಕೆಲವು ಕಡೆ ಅದು ಕಾಳಗಕ್ಕಿಂತ ಬೇಸರ. ಇದಕ್ಕೆ ಯಾವ ಗೈಡ್ ನೋಡಿದರೂ ಉಪಯೋಗವಿಲ್ಲ.

ಕಡೆಯಲ್ಲಿ ವೈಟ್ ಪ್ಯಾಲೇಸ್ ಅಂತ ಬರುತ್ತದೆ, ಗರಗಸದ ಚಕ್ರಗಳ ನಡುವೆ ಹಾರುವುದು. ಅದನ್ನು ಗೋಳಾಡಿಕೊಂಡು ದಾಟಿದೆ. ಅದರೊಳಗೆ ಪಾತ್ ಆಫ್ ಪೇನ್ ಅಂತ ಇನ್ನೊಂದು ಗುಪ್ತ ದಾರಿ ಇದೆ, ಹೆಸರೇ ಹೇಳುತ್ತದೆ. ಆಟದ ಪೂರ್ತಿ ಲೆಕ್ಕ 112 ಪರ್ಸೆಂಟ್, ಅದಕ್ಕೆ ಈ ದಾರಿ ಒಂದು ಪರ್ಸೆಂಟನ್ನೂ ಸೇರಿಸಲ್ಲ. ಲೆಕ್ಕಕ್ಕೆ ಬಾರದ ಕೆಲಸ ನನಗೇಕೆ? ಯಾರೋ ಪುಣ್ಯಾತ್ಮರು ಒಂದೇ ಒಂದು ಏಟು ತಿನ್ನದೆ ಅದನ್ನು ದಾಟಿದ ವಿಡಿಯೋ ಇದೆ. ಕಾಫಿ ಹಿಡಿದುಕೊಂಡು ಪೂರ್ತಿ ನೋಡಿದೆ, ಚೆನ್ನಾಗಿತ್ತು.

ಸಿಲ್ಕ್‌ಸಾಂಗ್ ಕೊಂಡಾಗಿದೆ. ಬಂದ ಹೊಸದರಲ್ಲೇ ತುಂಬಾ ಕಷ್ಟ ಅಂತ ಜನ ಗೊಣಗಿ, ಶುರುವಿನ ಎರಡು ಬಾಸ್‌ಗಳನ್ನು ತಂಡದವರೇ ಸ್ವಲ್ಪ ಮೆತ್ತಗೆ ಮಾಡಿದ್ದಾರೆ. ಅಣ್ಣನ ಮಗ ಆಗಲೇ ಅರ್ಧ ದಾಟಿದ್ದಾನೆ, ಕೇಳದೆ ಏನೂ ಹೇಳಕೂಡದು ಅಂತ ತಾಕೀತು ಮಾಡಿದ್ದೇನೆ. ನನ್ನದು 20ನೇ ತಾರೀಖು ಕಳೆದ ಮೇಲೆ.